ತೆಂಗಿನ ಹಾಲಿನಿಂದ ಎಣ್ಣೆ ಬೇರ್ಪಡಿಸಲು ನಿರಂತರ ಸೆಪರೇಟರ್: ವಿನ್ಯಾಸ ಎಲ್ಲಿಂದ ಶುರು ಮಾಡಬೇಕು?

ತಿಪಟೂರು ಗಾಣ

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಹತ್ತಿರ ಸಣ್ಣ ಗಾಣ. ಇಷ್ಟು ದಿನ ಒಣ ಕೊಬ್ಬರಿಯಿಂದ ಎಣ್ಣೆ ತೆಗೀತಿದ್ವಿ. ಈಗ ಹಸಿ ಕಾಯಿಯ ಹಾಲಿನಿಂದ ವರ್ಜಿನ್ ಎಣ್ಣೆ ಮಾಡೋ ಯೋಜನೆ ಇದೆ. ದಿನಕ್ಕೆ ಸುಮಾರು ಸಾವಿರ ಕಾಯಿ. ತುರಿದು, ಸ್ವಲ್ಪ ನೀರು ಸೇರಿಸಿ ಸ್ಕ್ರೂ ಪ್ರೆಸ್‌ನಲ್ಲಿ ಹಿಂಡಿದರೆ 250–300 ಲೀಟರ್ ಹಾಲು ಬರುತ್ತೆ. ಡ್ರಮ್ಮಿನಲ್ಲಿ ರಾತ್ರಿಯಿಡೀ ಬಿಟ್ಟರೆ ಕೆನೆ ಮೇಲೆ ಬರುತ್ತೆ ನಿಜ, ಆದ್ರೆ ಬೇಸಿಗೆಯಲ್ಲಿ ಹುಳಿ ವಾಸನೆ ಎಣ್ಣೆಗೂ ಹತ್ತಿಬಿಡುತ್ತೆ. ಆ ವಾಸನೆ ಇರೋ ಎಣ್ಣೆಯನ್ನ ವರ್ಜಿನ್ ಅಂತ ಮಾರೋಕೆ ಮನಸ್ಸು ಬರಲ್ಲ.

ಅದಕ್ಕೇ ನಿರಂತರವಾಗಿ ಓಡೋ ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ಬೇರ್ಪಡಿಸೋ ಯಂತ್ರ, ಸೆಪರೇಟರ್) ಒಂದನ್ನ ಇಲ್ಲೇ ಮಾಡಿಸೋಣ ಅಂತ ಹೊರಟಿದ್ದೀವಿ. ಮೇಲಿಂದ ಹಾಲು ಹೋಗಬೇಕು, ಒಂದು ಬಾಯಲ್ಲಿ ಎಣ್ಣೆ, ಇನ್ನೊಂದರಲ್ಲಿ ನೀರು ಬರ್ತಾ ಇರಬೇಕು. ಮನಸ್ಸಿನಲ್ಲಿರೋ ಅಳತೆ: ತಿರುಗೋ ಪಾತ್ರೆ, ಅಂದ್ರೆ ಬೌಲ್, ಅದರ ಒಳವ್ಯಾಸ 200 ಮಿ.ಮೀ., ವೇಗ 6000 ಆರ್‌ಪಿಎಂ, ಗಂಟೆಗೆ 500 ಲೀಟರ್.

ನನ್ನ ಪ್ರಶ್ನೆ ಇಷ್ಟು. ಈ ವೇಗ ಸಾಕಾ? ಒಳಗೆ ಡಿಸ್ಕ್ ಬೇಕೇ ಬೇಕಾ, ಬರೀ ಟೊಳ್ಳು ಬೌಲ್ ಆದ್ರೆ ನಡೆಯಲ್ವಾ? ಎಣ್ಣೆ ಬಾಯಿ, ನೀರಿನ ಬಾಯಿ ಎಷ್ಟೆಷ್ಟು ದೂರದಲ್ಲಿರಬೇಕು? ಬೌಲನ್ನ ಲೇತ್‌ನಲ್ಲಿ ಇಲ್ಲೇ ತೆಗೆಸಬಹುದಾ?

ಡೈರಿ ಮೇಷ್ಟ್ರು

ಗಾಣದವರೇ, ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ. ಆದರೆ ನಿಮ್ಮ ಪ್ರಶ್ನೆಗಳ ಮುಂದೆ ಇನ್ನೊಂದು ಪ್ರಶ್ನೆ ನಿಲ್ಲಬೇಕು: ನಿಮ್ಮ ಹಾಲಿನಲ್ಲಿ ಎಣ್ಣೆಯ ಹನಿ ಎಷ್ಟು ದೊಡ್ಡದು? ವೇಗ, ವ್ಯಾಸ, ಡಿಸ್ಕ್ ಎಲ್ಲ ಅದರ ಹಿಂದೆ ಬರುವಂಥವು.

ಹನಿ ಮೇಲೇಳುವ ವೇಗವನ್ನು ಸ್ಟೋಕ್ಸ್ ನಿಯಮ ಹೇಳುತ್ತದೆ. ಅದು ಹನಿಯ ವ್ಯಾಸದ ವರ್ಗಕ್ಕೆ, ಎರಡು ದ್ರವಗಳ ಸಾಂದ್ರತೆಯ ಅಂತರಕ್ಕೆ ಮತ್ತು ಗುರುತ್ವಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ. ಸ್ನಿಗ್ಧತೆ ಹೆಚ್ಚಿದಷ್ಟೂ ಕಡಿಮೆಯಾಗುತ್ತದೆ. ಸೆಪರೇಟರ್ ಹೆಚ್ಚಿಸುವುದು ಗುರುತ್ವವನ್ನು ಮಾತ್ರ. ನಿಮ್ಮ 100 ಮಿ.ಮೀ. ತ್ರಿಜ್ಯಕ್ಕೆ 6000 ಆರ್‌ಪಿಎಂನಲ್ಲಿ ಅಂಚಿನಲ್ಲಿ ಸುಮಾರು 4000 ಜಿ, ಅಂದರೆ ಭೂಮಿಯ ಗುರುತ್ವದ 4000 ಪಟ್ಟು, ಸಿಗುತ್ತದೆ. ಕೇಳಲು ದೊಡ್ಡ ಸಂಖ್ಯೆ. ಆದರೆ ಪಂಪಿನಲ್ಲೋ ಇಕ್ಕಟ್ಟಾದ ಕವಾಟದಲ್ಲೋ ಹನಿ ಒಡೆದು ಅರ್ಧ ಗಾತ್ರವಾದರೆ, ಆ 4000 ಜಿ ಇದ್ದೂ 1000 ಜಿಯಷ್ಟೇ ಕೆಲಸ ಮಾಡುತ್ತದೆ. ಹಸುವಿನ ಹಾಲಿನಲ್ಲಿ ಕೊಬ್ಬಿನ ಕಣ ಸರಾಸರಿ 3–4 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇರುವುದರಿಂದ ಕೆನೆ ಸಲೀಸಾಗಿ ಬರುತ್ತದೆ. ಅದೇ ಹಾಲನ್ನು ಹೋಮೋಜಿನೈಸ್ ಮಾಡಿ ಕಣವನ್ನು 1 ಮೈಕ್ರಾನ್‌ಗಿಂತ ಕೆಳಗೆ ಇಳಿಸಿದರೆ ಡೈರಿಯ ದೊಡ್ಡ ಯಂತ್ರಕ್ಕೂ ಅದು ಜಗ್ಗುವುದಿಲ್ಲ.

ಟೊಳ್ಳು ಬೌಲ್ ಬಗ್ಗೆ ಕೇಳಿದಿರಿ. ಸ್ವೀಡನ್ನಿನ ಗುಸ್ತಾಫ್ ಡೆ ಲಾವಲ್ 1878ರಲ್ಲಿ ಮಾಡಿದ ಮೊದಲ ನಿರಂತರ ಕೆನೆ ಯಂತ್ರದ ಬೌಲ್ ಟೊಳ್ಳೇ ಆಗಿತ್ತು. ಕೆಲಸ ಮಾಡಿತು, ಆದರೆ ಸಾಮರ್ಥ್ಯ ಸಾಲದಾಯಿತು. 1888ರಲ್ಲಿ ಜರ್ಮನಿಯ ಕ್ಲೆಮೆನ್ಸ್ ಫಾನ್ ಬೆಕ್ಟೋಲ್ಸ್‌ಹೈಮ್ ಶಂಕುವಿನಾಕಾರದ ತೆಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಮರುವರ್ಷ ಡೆ ಲಾವಲ್‌ನ ಕಂಪನಿ ಅದನ್ನು ಕೊಂಡುಕೊಂಡಿತು. ಇಂದಿಗೂ ಎಲ್ಲ ಡೈರಿಗಳಲ್ಲಿ ಓಡುತ್ತಿರುವುದು ಅದೇ ತತ್ವ. ತಟ್ಟೆ ಇದ್ದರೆ ಹನಿ ಬೌಲಿನ ಇಡೀ ಅಗಲ ದಾಟಬೇಕಾಗಿಲ್ಲ, ಎರಡು ತಟ್ಟೆಗಳ ನಡುವಿನ ಅರ್ಧ ಮಿಲಿಮೀಟರ್ ಚಿಲ್ಲರೆ ದಾಟಿದರೆ ಸಾಕು. ಅಲ್ಲಿಂದ ತಟ್ಟೆಯ ಮೈ ಹಿಡಿದು ಒಳಗೆ ಜಾರುತ್ತದೆ. ಆದ್ದರಿಂದ ಡಿಸ್ಕ್ ಬೇಕೇ ಬೇಕು.

ಸುರತ್ಕಲ್ ಕೆಮಿಕಲ್

ಮೇಷ್ಟ್ರು ಹೇಳಿದ್ದಕ್ಕೆ ಸಂಖ್ಯೆ ಹಾಕಿ ತೋರಿಸುತ್ತೇನೆ. ಅಂಕಿ ನೋಡದೆ ವಿನ್ಯಾಸ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

1952ರಲ್ಲಿ ಚಾರ್ಲ್ಸ್ ಆಂಬ್ಲರ್ ಕೊಟ್ಟ ಸಿಗ್ಮಾ ಲೆಕ್ಕ ಇದಕ್ಕೆ ಅನುಕೂಲ. ಒಂದು ಸೆಂಟ್ರಿಫ್ಯೂಜ್ ಎಷ್ಟು ಚದರ ಮೀಟರಿನ ತಿಳಿಗೊಳಿಸುವ ತೊಟ್ಟಿಗೆ ಸಮ ಅನ್ನುವುದೇ ಸಿಗ್ಮಾ. ಡಿಸ್ಕ್ ಬೌಲಿಗೆ ಸೂತ್ರ ಹೀಗೆ: 2 × ಪೈ × ಡಿಸ್ಕ್ ಸಂಖ್ಯೆ × ಕೋನವೇಗದ ವರ್ಗ × (ಹೊರ ತ್ರಿಜ್ಯದ ಘನ − ಒಳ ತ್ರಿಜ್ಯದ ಘನ), ಇದನ್ನು 3 × ಗುರುತ್ವ × ಅರ್ಧಕೋನದ ಟ್ಯಾಂಜೆಂಟ್‌ನಿಂದ ಭಾಗಿಸಬೇಕು.

ನಿಮ್ಮ ಬೌಲಿನಲ್ಲಿ 40 ಡಿಸ್ಕ್, ಹೊರ ತ್ರಿಜ್ಯ 80 ಮಿ.ಮೀ., ಒಳ ತ್ರಿಜ್ಯ 45 ಮಿ.ಮೀ., ಅರ್ಧಕೋನ 40 ಡಿಗ್ರಿ ಎಂದಿಟ್ಟುಕೊಳ್ಳೋಣ. 6000 ಆರ್‌ಪಿಎಂನಲ್ಲಿ ಸಿಗ್ಮಾ ಸುಮಾರು 1700 ಚದರ ಮೀಟರ್ ಬರುತ್ತದೆ.

ಸಾಂದ್ರತೆಯ ಅಂತರ ಘನಮೀಟರಿಗೆ 95 ಕೆಜಿ, ನೀರಿನ ಭಾಗದ ಸ್ನಿಗ್ಧತೆ 1 ಸೆಂಟಿಪಾಯ್ಸ್ ಎಂದು ಹಿಡಿದರೆ 5 ಮೈಕ್ರಾನ್ ಹನಿಗಳನ್ನು ಗಂಟೆಗೆ 7900 ಲೀಟರ್ ಹರಿವಿನಲ್ಲೂ ಹಿಡಿಯಬಹುದು. 2 ಮೈಕ್ರಾನ್ ಹನಿಗೆ ಅದು 1260 ಲೀಟರ್. 1 ಮೈಕ್ರಾನ್ ಆದರೆ 315 ಲೀಟರ್ ಅಷ್ಟೇ. ಇವು ಕಾಗದದ ಲೆಕ್ಕ. ಡಿಸ್ಕ್‌ಗಳಿಗೆ ಹಾಲು ಸಮನಾಗಿ ಹಂಚಿಕೆಯಾಗುವುದಿಲ್ಲ, ಸುಳಿಗಳು ಏಳುತ್ತವೆ. ಅರ್ಧದಷ್ಟು ಸಿಕ್ಕರೂ ಒಳ್ಳೆಯ ಬೌಲ್. ಅಂದರೆ ನಿಮ್ಮ 500 ಲೀಟರಿಗೆ 2 ಮೈಕ್ರಾನ್‌ವರೆಗಿನ ಹನಿ ಹೆಚ್ಚುಕಡಿಮೆ ಬಂದೇ ಬರುತ್ತದೆ. ವೇಗ ಸಾಕಾ ಎಂದರೆ, ಸಾಕು. ಹನಿಯನ್ನು ಒಡೆಯದಿದ್ದರೆ ಸಾಕು ಅನ್ನುವುದೇ ಸರಿಯಾದ ಉತ್ತರ.

ಇನ್ನೊಂದು ಮಾತು. ನಿಮ್ಮಲ್ಲಿ ಇರುವುದೇ ದಿನಕ್ಕೆ 300 ಲೀಟರ್. ಗಂಟೆಗೆ 500 ಲೀಟರಿನ ಯಂತ್ರ ಒಂದು ಗಂಟೆಯೂ ಓಡುವುದಿಲ್ಲ. ಗಂಟೆಗೆ 150 ಲೀಟರ್ ಇಟ್ಟುಕೊಂಡರೆ ಅದೇ ಬೌಲ್ ಇನ್ನೂ ಸಣ್ಣ ಹನಿಯನ್ನೂ ಹಿಡಿಯುತ್ತದೆ, ಎಣ್ಣೆ ನೀರಿನ ಜೊತೆ ಹೋಗುವುದು ಕಡಿಮೆಯಾಗುತ್ತದೆ.

ತಿಪಟೂರು ಗಾಣ

ಮೇಡಂ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಹರಿವು ಕಡಿಮೆ ಮಾಡಿದ್ರೆ ಲಾಭ ಅನ್ನೋದು ಹೊಳೆದಿರಲಿಲ್ಲ. ಹೇಗಿದ್ರೂ ಹಿಂಡೋ ಪ್ರೆಸ್ಸೇ ನಿಧಾನ, ಅದರ ಜೊತೆಜೊತೆಗೇ ಸೆಪರೇಟರ್ ಓಡಿದ್ರೆ ಹಾಲು ನಿಲ್ಲೋ ಹೊತ್ತೇ ಇರಲ್ಲ. ಈಗ ಬಾಯಿಗಳ ಅಳತೆ ಯಾರಾದ್ರೂ ಹೇಳಿ.

ಕಡಲ ಎಂಜಿನಿಯರ್

ಇದಕ್ಕೆ ನಾನು ಬರ್ತೇನೆ. ಮಂಗಳೂರಿನವ, ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ. ಹಡಗಿನ ಇಂಧನ ಎಣ್ಣೆಯಿಂದ ನೀರು ತೆಗೆಯುವ ಪ್ಯೂರಿಫೈಯರ್ ನಿಮ್ಮ ಯಂತ್ರದ ಅಣ್ಣ ಅಂತಲೇ ಹೇಳಬಹುದು.

ತಿರುಗುವ ಬೌಲಿನೊಳಗೆ ಎಣ್ಣೆ ಒಳಗಿನ ಉಂಗುರ, ನೀರು ಹೊರಗಿನ ಉಂಗುರ. ಎರಡೂ ಸೇರುವ ಗಡಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ನಿಮ್ಮ ಎರಡು ಬಾಯಿಗಳ ತ್ರಿಜ್ಯ. ಗಡಿಯ ತ್ರಿಜ್ಯದ ವರ್ಗ ಬೇಕಿದ್ದರೆ, ನೀರಿನ ಸಾಂದ್ರತೆ × ನೀರು ಹೊರಬೀಳುವ ತ್ರಿಜ್ಯದ ವರ್ಗದಿಂದ, ಎಣ್ಣೆಯ ಸಾಂದ್ರತೆ × ಎಣ್ಣೆ ಹೊರಬೀಳುವ ತ್ರಿಜ್ಯದ ವರ್ಗವನ್ನು ಕಳೆಯಿರಿ. ಬಂದದ್ದನ್ನು ಎರಡು ಸಾಂದ್ರತೆಗಳ ವ್ಯತ್ಯಾಸದಿಂದ ಭಾಗಿಸಿ. ಈ ಸೂತ್ರದಲ್ಲಿ ವೇಗವೇ ಇಲ್ಲ, ಗಮನಿಸಿ. ವೇಗ ಹೆಚ್ಚಿಸಿ ಗಡಿ ಸರಿಮಾಡಲು ಆಗುವುದಿಲ್ಲ.

ಎಣ್ಣೆ ಬಾಯಿ 40 ಮಿ.ಮೀ. ತ್ರಿಜ್ಯದಲ್ಲಿ ಇದೆ ಅಂತ ಇಟ್ಟುಕೊಳ್ಳಿ. ಸಾಂದ್ರತೆ ಘನಮೀಟರಿಗೆ ನೀರಿನದು 1010 ಕೆಜಿ, ಎಣ್ಣೆಯದು 915. ನೀರಿನ ಬಾಯಿ 43 ಮಿ.ಮೀ.ನಲ್ಲಿ ಇದ್ದರೆ ಗಡಿ 65ರಲ್ಲಿ ನಿಲ್ಲುತ್ತದೆ. 44 ಮಾಡಿದರೆ 72. 45 ಮಾಡಿದರೆ 78. 46 ಆದರೆ 84, ಅಂದರೆ ಡಿಸ್ಕ್‌ನ ಹೊರಅಂಚನ್ನೂ ದಾಟಿ ಹೋಯಿತು. ನೋಡಿ ಮಾರಾಯ್ರೆ, ಬಾಯಿ 1 ಮಿ.ಮೀ. ಸರಿದರೆ ಗಡಿ 6–7 ಮಿ.ಮೀ. ಓಡುತ್ತದೆ. ಅದಕ್ಕೇ ನೀರಿನ ಬಾಯಿಯನ್ನು ಬೌಲಿನಲ್ಲೇ ಕೊರೆಯಬಾರದು. ಬದಲಾಯಿಸಬಹುದಾದ ಒಂದು ಉಂಗುರ ಇಡಬೇಕು. ನಾವು ಅದನ್ನು ಗ್ರಾವಿಟಿ ಡಿಸ್ಕ್ ಎನ್ನುತ್ತೇವೆ. ಪ್ರತಿ ಯಂತ್ರದ ಜೊತೆ ಅರ್ಧರ್ಧ ಮಿಲಿಮೀಟರಿನ ವ್ಯತ್ಯಾಸದ ಒಂದು ಸೆಟ್ ಇಟ್ಟುಕೊಂಡಿರುತ್ತೇವೆ.

ಶುರು ಮಾಡುವಾಗ ಎಣ್ಣೆ ಬಿಡುವುದಕ್ಕೆ ಮೊದಲು ಬೌಲಿಗೆ ಬೆಚ್ಚಗಿನ ನೀರು ಬಿಡಬೇಕು, ನೀರಿನ ಬಾಯಲ್ಲಿ ನೀರು ಹೊರಬೀಳುವವರೆಗೆ. ಅದು ಸೀಲ್ ನೀರು. ಆ ನೀರಿನ ಗೋಡೆ ಇಲ್ಲದೆ ಎಣ್ಣೆ ಬಿಟ್ಟರೆ ಎಲ್ಲವೂ ನೀರಿನ ದಾರಿಯಲ್ಲೇ ಹೊರಗೆ. ಓಡುತ್ತಿರುವಾಗ ಹರಿವು ತಟ್ಟನೆ ಹೆಚ್ಚಿದರೂ, ಎಣ್ಣೆ ತಣ್ಣಗಾಗಿ ಭಾರವಾದರೂ ಸೀಲ್ ಒಡೆಯುತ್ತದೆ. ಹಡಗಿನಲ್ಲಿ ಆಗುವ ಹೆಚ್ಚಿನ ತಾಪತ್ರಯ ಇದೇ. ಭಾರ ಇಂಧನವನ್ನು 98 ಡಿಗ್ರಿಗೆ ಬಿಸಿ ಮಾಡಿಯೇ ಬೌಲಿಗೆ ಬಿಡುತ್ತೇವೆ, ಆ ಬಿಸಿ ಏರುಪೇರಾದ ಕೂಡಲೇ ನೀರಿನ ಕಡೆ ಎಣ್ಣೆ ಕಾಣುತ್ತದೆ.

ಕಾಸರಗೋಡು ಕಾಯಿ

ಇಷ್ಟು ಹೊತ್ತಿನ ಚರ್ಚೆಯಲ್ಲಿ ಒಂದು ದೊಡ್ಡ ವಿಷಯ ಬಿಟ್ಟುಹೋಗಿದೆ. ನಾವು ಕೆಲವು ವರ್ಷಗಳಿಂದ ಕಾಯಿಹಾಲಿನ ಎಣ್ಣೆ ಮಾಡುತ್ತಿದ್ದೇವೆ, ಅದರಿಂದ ಹೇಳುತ್ತೇನೆ. ಕಾಯಿಹಾಲನ್ನು ಸೆಪರೇಟರಿಗೆ ಬಿಟ್ಟರೆ ಮೊದಲ ಸುತ್ತಿನಲ್ಲಿ ಹೊರಗೆ ಬರುವುದು ಎಣ್ಣೆ ಅಲ್ಲ, ಕೆನೆ. ಹನಿಗಳ ಸುತ್ತ ಕಾಯಿಯದೇ ಪ್ರೋಟೀನಿನ ಪೊರೆ ಇರುತ್ತದೆ. ಹನಿಗಳು ಒತ್ತೊತ್ತಾಗಿ ಸೇರುತ್ತವೆ, ಆದರೆ ಒಂದರೊಳಗೊಂದು ಬೆರೆಯುವುದಿಲ್ಲ. 4000 ಜಿ ಕೊಟ್ಟರೂ ಗಟ್ಟಿ ಕೆನೆ ಸಿಗುತ್ತದೆಯೇ ವಿನಾ ತಿಳಿ ಎಣ್ಣೆ ಸಿಗುವುದಿಲ್ಲ.

ಆದ್ದರಿಂದ ಇದು ಎರಡು ಹಂತದ ಕೆಲಸ. ಮೊದಲ ಹಂತದಲ್ಲಿ ಹಾಲಿನಿಂದ ಕೆನೆ. ಆಮೇಲೆ ಕೆನೆಯನ್ನು ಒಡೆಯಬೇಕು. ನಾವು ಮಾಡುವುದು ತಣಿಸಿ ಕರಗಿಸುವ ವಿಧಾನ: ಕೆನೆಯನ್ನು ರಾತ್ರಿ 5–8 ಡಿಗ್ರಿಯಲ್ಲಿ ಇಟ್ಟರೆ ಕೊಬ್ಬು ಹರಳುಗಟ್ಟಿ ಪೊರೆಯನ್ನು ಚುಚ್ಚುತ್ತದೆ, ಬೆಳಿಗ್ಗೆ ಬಿಸಿನೀರಿನ ಜಾಕೆಟ್ಟಿನಲ್ಲಿ 40–45 ಡಿಗ್ರಿಗೆ ತಂದು ನಿಧಾನ ಕಲಕಿದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ. ಕಿಣ್ವ ಹಾಕುವವರೂ ಇದ್ದಾರೆ, ಹುದುಗಿಸುವವರೂ ಇದ್ದಾರೆ. ಹಾಗೆ ಒಡೆದದ್ದನ್ನು ಎರಡನೇ ಸಲ ಸೆಪರೇಟರಿಗೆ ಬಿಟ್ಟಾಗ ಮಾತ್ರ ನಿಜವಾದ ಎಣ್ಣೆ, ನೀರು. ಇದನ್ನೆಲ್ಲ ಕಲಿಯಲು ನಮಗೆ ಇಲ್ಲಿಯ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಹತ್ತಿರ ಇದೆ, ನಿಮಗೆ ಮೈಸೂರಿನ ಸಿಎಫ್‌ಟಿಆರ್‌ಐ (ಆಹಾರ ತಂತ್ರಜ್ಞಾನದ ಕೇಂದ್ರ ಸಂಶೋಧನಾ ಸಂಸ್ಥೆ) ಇದೆ. ಯಂತ್ರಕ್ಕೆ ದುಡ್ಡು ಸುರಿಯುವ ಮೊದಲು ಅಲ್ಲಿ ಒಮ್ಮೆ ಮಾತಾಡಿ.

ಸುರತ್ಕಲ್ ಕೆಮಿಕಲ್

ತುಂಬ ಮುಖ್ಯವಾದ ಮಾತು. ಇದರಿಂದ ಕಡಲ ಎಂಜಿನಿಯರ್ ಅವರ ಉಂಗುರದ ಲೆಕ್ಕ ಎರಡನೇ ಹಂತಕ್ಕೆ ಮಾತ್ರ ಹೊಂದುತ್ತದೆ ಎಂದಾಯಿತು. ಮೊದಲ ಹಂತಕ್ಕೆ ಅದೇ ಉಂಗುರ ಹಾಕಿದರೆ ಏನಾಗುತ್ತದೆ ನೋಡಿ.

ಕೆನೆಯ ಸಾಂದ್ರತೆ ಸುಮಾರು 980 ಎಂದಿಟ್ಟುಕೊಳ್ಳಿ. ಅಂತರ 95ರ ಬದಲು 30 ಆಯಿತು. ಎಣ್ಣೆ ಬಾಯಿ 40, ನೀರಿನ ಬಾಯಿ 44 ಹಾಗೇ ಇದ್ದರೆ ಗಡಿಯ ತ್ರಿಜ್ಯ 114 ಮಿ.ಮೀ. ಅಂತ ಬರುತ್ತದೆ. ನಿಮ್ಮ ಬೌಲಿನ ಗೋಡೆಯೇ 100ರಲ್ಲಿ ಮುಗಿಯುತ್ತದಲ್ಲ! ಅಂದರೆ ಬೌಲಿನಲ್ಲಿ ಗಡಿಯೇ ನಿಲ್ಲದೆ ಕೆನೆ ನೀರಿನ ಬಾಯಲ್ಲಿ ಹರಿದುಹೋಗುತ್ತದೆ. ನೀರಿನ ಬಾಯಿಯನ್ನು 41ಕ್ಕೆ ತಂದರೆ ಗಡಿ 66ರಲ್ಲಿ, 41.5ಕ್ಕೆ ಇಟ್ಟರೆ 76ರಲ್ಲಿ ನಿಲ್ಲುತ್ತದೆ. ಅರ್ಧ ಮಿಲಿಮೀಟರಿಗೆ ಹತ್ತು ಮಿಲಿಮೀಟರ್. ಇಷ್ಟು ಸೂಕ್ಷ್ಮವಾದದ್ದನ್ನು ಉಂಗುರ ಬದಲಿಸುತ್ತ ಹಿಡಿಯುವುದು ಕಷ್ಟ.

ಡೈರಿ ಮೇಷ್ಟ್ರು

ಆದ್ದರಿಂದಲೇ ಹಾಲಿನ ಕೆನೆ ಯಂತ್ರದಲ್ಲಿ ಉಂಗುರದ ಸೆಟ್ ಬದಲು ಕೆನೆ ಸ್ಕ್ರೂ ಇರುತ್ತದೆ. ಕೆನೆ ಹೊರಬರುವ ರಂಧ್ರವೇ ಒಂದು ತಿರುಪು. ಅದನ್ನು ಅಕ್ಷದ ಕಡೆಗೆ ತಿರುಗಿಸಿದರೆ ಕಡಿಮೆ ಕೆನೆ, ಗಟ್ಟಿಯಾಗಿ ಬರುತ್ತದೆ. ಹೊರಕ್ಕೆ ತಿರುಗಿಸಿದರೆ ಹೆಚ್ಚು ಕೆನೆ, ತೆಳ್ಳಗೆ. ಎಷ್ಟು ಪಾಲು ಕೆನೆಯ ಕಡೆ ಹೋಗಬೇಕು ಎಂದು ನಾವು ತೀರ್ಮಾನಿಸಿದರೆ ಸಾಕು, ಅದರ ದಪ್ಪ ತಾನಾಗಿ ಹೊಂದಿಕೊಳ್ಳುತ್ತದೆ. ದೊಡ್ಡ ಡೈರಿಗಳಲ್ಲಿ ಇದೇ ಕೆಲಸವನ್ನು ಎರಡೂ ಕೊಳವೆಗಳ ಕವಾಟ ಮಾಡುತ್ತದೆ. ಹಾಗೆ ತೆಗೆದ ಕೆನೆಯನ್ನು ಅಳೆದು ಮರಳಿ ಸೇರಿಸಿಯೇ ಟೋನ್ಡ್ ಹಾಲಿನ ಶೇಕಡಾ 3 ಕೊಬ್ಬನ್ನು ಹೊಂದಿಸುವುದು. ಒಳ್ಳೆಯ ಯಂತ್ರದಲ್ಲಿ ಕೆನೆ ತೆಗೆದ ಹಾಲಿನಲ್ಲಿ ಉಳಿಯುವ ಕೊಬ್ಬು ಶೇಕಡಾ 0.05ರ ಆಸುಪಾಸು.

ಡಿಸ್ಕ್‌ನಲ್ಲಿರುವ ರಂಧ್ರಗಳ ಜಾಗವೂ ಇಲ್ಲೇ ತೀರ್ಮಾನವಾಗಬೇಕು. ಹಾಲು ಮೇಲೇರುವುದು ಆ ರಂಧ್ರಗಳ ಸಾಲಿನಲ್ಲಿ. ನೀರಿನ ಭಾಗ ಚೊಕ್ಕಟವಾಗಿ ಬರಬೇಕೆಂದರೆ ರಂಧ್ರ ಒಳಗಿನ ಕಡೆ ಇರಬೇಕು, ಎಣ್ಣೆ ಚೊಕ್ಕಟವಾಗಿ ಬರಬೇಕೆಂದರೆ ಹೊರ ಅಂಚಿನ ಕಡೆ. ನಿಮ್ಮ ಮೊದಲ ಹಂತಕ್ಕೆ ಎಣ್ಣೆ ನಷ್ಟವಾಗಬಾರದು, ಆದ್ದರಿಂದ ಒಳಗೆ. ಎರಡನೇ ಹಂತಕ್ಕೆ ಎಣ್ಣೆಯಲ್ಲಿ ನೀರು ಇರಬಾರದು, ಆದ್ದರಿಂದ ಹೊರಗೆ. ಒಂದೇ ಬೌಲಿಗೆ ಎರಡು ಜೊತೆ ಡಿಸ್ಕ್ ಇಟ್ಟುಕೊಂಡು, ಹಗಲು ಒಂದು ಕೆಲಸ, ಬೆಳಗಿನ ಜಾವ ಇನ್ನೊಂದು ಕೆಲಸ ಮಾಡಿಸಬಹುದು.

ಪೀಣ್ಯ ಲೇತ್

ನೋಡಿ ಸರ್, ಬೌಲ್ ವಿಷಯ ನನಗೆ ಬಿಡಿ. ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ದುಂಡು ಬಾರ್ ತಗೊಂಡು ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ನಡೆಸೋ ಲೇತ್‌ನಲ್ಲಿ ತೆಗೆದುಕೊಡ್ತೀವಿ. ಲೆಕ್ಕನೂ ಹಾಕಿದೀನಿ. ಅಂಚಿನ ವೇಗ ಸೆಕೆಂಡಿಗೆ 63 ಮೀಟರ್. ಬೌಲಿನ ಸ್ವಂತ ತೂಕದಿಂದ ಗೋಡೆಗೆ ಬರೋ ಎಳೆತ 31 ಮೆಗಾಪಾಸ್ಕಲ್. ಒಳಗಿನ ದ್ರವ ಗೋಡೆ ಮೇಲೆ ಹಾಕೋ ಒತ್ತಡ 16–17 ಬಾರ್, 6 ಮಿ.ಮೀ. ಗೋಡೆಗೆ ಅದರಿಂದ ಇನ್ನೊಂದು 28. ಒಟ್ಟು 59. 304ರ ಯೀಲ್ಡ್ ಸಾಮರ್ಥ್ಯ, ಅಂದ್ರೆ ಲೋಹ ಶಾಶ್ವತವಾಗಿ ಹಿಗ್ಗೋಕೆ ಶುರುವಾಗೋ ಮಿತಿ, 205. ಮೂರೂವರೆ ಪಟ್ಟು ಸೇಫ್ಟಿ ಇದೆ. ಇಷ್ಟಕ್ಕೆ ಹೊರಗಿನ ಬೌಲ್ ತರಿಸೋದು ಯಾಕೆ ಸರ್?

ಕಡಲ ಎಂಜಿನಿಯರ್

ಲೆಕ್ಕ ಸರಿ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದು ರಂಧ್ರವೇ ಇಲ್ಲದ, ಮೂಲೆಯೇ ಇಲ್ಲದ ನುಣುಪು ಸಿಲಿಂಡರಿನ ಲೆಕ್ಕ. ನಿಜವಾದ ಬೌಲಿನಲ್ಲಿ ಮುಚ್ಚಳ ಬಿಗಿಯುವ ಲಾಕ್ ರಿಂಗಿನ ದೊಡ್ಡ ಎಳೆ (ಥ್ರೆಡ್) ಇರುತ್ತದೆ, ರಂಧ್ರಗಳಿರುತ್ತವೆ, ತಳದ ಮೂಲೆ ಇರುತ್ತದೆ. ಎಳೆತದಲ್ಲಿರುವ ಗೋಡೆಯ ಸಣ್ಣ ರಂಧ್ರದ ಅಂಚಿನಲ್ಲಿ ಎಳೆತ ಸುಮಾರು 3 ಪಟ್ಟಾಗುತ್ತದೆ. 59ರ ಮೂರು ಪಟ್ಟು 177. ಈಗ ವಿಎಫ್‌ಡಿಯಲ್ಲಿ (ಮೋಟರಿನ ವೇಗ ಬದಲಿಸುವ ಡ್ರೈವ್) ಯಾರೋ ಹುಡುಗ 50 ಹರ್ಟ್ಸ್ ಇದ್ದದ್ದನ್ನು 60 ಮಾಡಿದ ಎಂದಿಟ್ಟುಕೊಳ್ಳಿ. ವೇಗ ಶೇಕಡಾ 20 ಹೆಚ್ಚು, ಎಳೆತ ಶೇಕಡಾ 44 ಹೆಚ್ಚು, ಅಂದರೆ 255. ನಿಮ್ಮ 205 ಅಲ್ಲೇ ದಾಟಿಹೋಯಿತು.

ಅದರ ಮೇಲೆ ದಿನಾ ಶುರು, ದಿನಾ ನಿಲುಗಡೆ. ಪ್ರತಿ ಸಲವೂ ಲೋಹಕ್ಕೆ ಒಂದು ಆವರ್ತ. ತೊಳೆಯಲು ಬ್ಲೀಚಿಂಗ್ ದ್ರಾವಣ ಹಾಕಿದರೆ ಅದರ ಕ್ಲೋರೈಡು ಬಿಸಿಯಲ್ಲಿ, ಎಳೆತದಲ್ಲಿ ಇರುವ 304ರಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿಸುತ್ತದೆ. ಅದಕ್ಕೇ ಒಳ್ಳೆಯ ತಯಾರಕರು ಯೀಲ್ಡ್ ಸಾಮರ್ಥ್ಯ 450 ಇರುವ ಡ್ಯುಪ್ಲೆಕ್ಸ್ ಸ್ಟೀಲಿನ ಫೋರ್ಜಿಂಗ್ (ಬಡಿದು ರೂಪ ಕೊಟ್ಟ ಗಟ್ಟಿ) ತೆಗೆದುಕೊಂಡು, ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿ, ಓವರ್‌ಸ್ಪೀಡ್‌ನಲ್ಲಿ, ಅಂದರೆ ಕೆಲಸದ ವೇಗಕ್ಕಿಂತ ಹೆಚ್ಚಾಗಿ ತಿರುಗಿಸಿ ನೋಡಿಯೇ ಬೌಲ್ ಕೊಡುವುದು.

ಮತ್ತೆ ಶಕ್ತಿ. 15 ಕೆಜಿಯ ಈ ಬೌಲ್ 6000ದಲ್ಲಿ ತಿರುಗುವಾಗ ಅದರಲ್ಲಿ ಸುಮಾರು 24 ಕಿಲೋಜೂಲ್ ಇರುತ್ತದೆ. ಒಂದು ಟನ್ನಿನ ಕಾರು ಗಂಟೆಗೆ 25 ಕಿ.ಮೀ. ವೇಗದಲ್ಲಿ ಬಂದು ಗುದ್ದಿದಷ್ಟು. ಅದು ಚೂರುಚೂರಾಗಿ, ಕೆಲಸದವರು ನಿಂತ ಕೋಣೆಯಲ್ಲಿ ಹಾರುತ್ತದೆ. ಗಾಣದವರೇ, ಯಂತ್ರದ ಸುತ್ತಲಿನದನ್ನೆಲ್ಲ ನೀವೇ ಮಾಡಿ. ಬೌಲ್, ಡಿಸ್ಕ್, ಸ್ಪಿಂಡಲ್ (ಬೌಲ್ ಕೂರುವ ಅಕ್ಷದಂಡ) ಈ ಮೂರನ್ನು ಮಾತ್ರ ಪರೀಕ್ಷೆಯಾದದ್ದನ್ನೇ ಕೊಳ್ಳಿ. ಇದರಲ್ಲಿ ನನಗೆ ರಾಜಿ ಇಲ್ಲ.

ಪೀಣ್ಯ ಲೇತ್

ಅರ್ಥ ಆಯ್ತು ಸರ್. ಫೋರ್ಜಿಂಗ್, ಓವರ್‌ಸ್ಪೀಡ್ ಪಿಟ್ ನಮ್ಮ ಹತ್ರ ಇಲ್ಲ, ಹಾಗಿದ್ಮೇಲೆ ಬೌಲ್ ಬೇಡ. ಉಳಿದದ್ದಕ್ಕೆ ನಾನಿದೀನಿ. ಹಾಗಾದ್ರೆ ಫ್ರೇಮ್ ಕಡೆಯಿಂದ ಎರಡು ಮಾತು.

ಒಂದು, ವೇಗದ ಮಿತಿಯನ್ನ ವಿಎಫ್‌ಡಿ ಸೆಟ್ಟಿಂಗಿಗೆ ಬಿಡಬಾರದು, ಪುಲ್ಲಿ ಅನುಪಾತದಲ್ಲೇ ಕಟ್ಟಬೇಕು. ಡ್ರೈವ್ ಎಷ್ಟೇ ಏರಿದ್ರೂ ಬೌಲ್ ತನ್ನ ಮೇಲೆ ಕೆತ್ತಿರೋ ಗರಿಷ್ಠ ವೇಗ ದಾಟಬಾರದು. ಜೊತೆಗೆ ಬೇರೆ ಸೆನ್ಸರ್ ಒಂದು, ವೇಗ ಮೀರಿದ್ರೆ ಕರೆಂಟ್ ಕಟ್.

ಎರಡು, ಅಲುಗಾಟ. 6000 ಆರ್‌ಪಿಎಂಗೆ ಜಿ 2.5 ದರ್ಜೆಯ ಬ್ಯಾಲೆನ್ಸ್ (ಈ ಜಿ ಗುರುತ್ವದ್ದಲ್ಲ, ಬ್ಯಾಲೆನ್ಸ್ ದರ್ಜೆಯ ಹೆಸರು) ಅಂದ್ರೆ ಭಾರಕೇಂದ್ರ ಅಕ್ಷದಿಂದ 4 ಮೈಕ್ರಾನ್‌ಗಿಂತ ಸರಿಯಬಾರದು. 15 ಕೆಜಿ ಬೌಲಿಗೆ ಅದು 60 ಗ್ರಾಂ-ಮಿಲಿಮೀಟರ್. ಗೋಡೆ ಹತ್ರ ಒಂದು ಕಡೆ 10 ಗ್ರಾಂ ಕಾಯಿಗಸಿ ಕೂತ್ರೆ ಅದೇ 950 ಆಗುತ್ತೆ, ಸ್ಪಿಂಡಲ್ ಮೇಲೆ 38 ಕೆಜಿ ತೂಕದಷ್ಟು ಬಲ ಸುತ್ತುತ್ತೆ. 50 ಗ್ರಾಂ ಕೂತ್ರೆ 190 ಕೆಜಿ. ಹೀಗಾಗಿ ಮೇಲಿನ ಬೇರಿಂಗನ್ನ ಗಟ್ಟಿಯಾಗಿ ಹಿಡಿಯಬಾರದು, ಸ್ಪ್ರಿಂಗ್ ಅಥವಾ ರಬ್ಬರ್ ಬಫರ್ ಮೇಲೆ ಕೂರಿಸಬೇಕು. ಕ್ರಿಟಿಕಲ್ ಸ್ಪೀಡ್, ಅಂದ್ರೆ ಅಲುಗಾಟ ಅತಿ ಹೆಚ್ಚಾಗೋ ವೇಗ, ಕೆಲಸದ ವೇಗಕ್ಕಿಂತ ಬಹಳ ಕೆಳಗೇ ಬಂದು ಹೋಗಲಿ. ಅಲ್ಲಿ ಸ್ವಲ್ಪ ನಡುಗುತ್ತೆ, ನಿಲ್ಲಿಸದೆ ದಾಟಿಸಿದ್ರೆ ಆಮೇಲೆ ಬೌಲ್ ತನ್ನ ಭಾರಕೇಂದ್ರದ ಸುತ್ತ ತಾನೇ ಶಾಂತವಾಗಿ ತಿರುಗುತ್ತೆ.

ಮೋಟರ್ ದೊಡ್ಡದು ಬೇಡ. ಗಂಟೆಗೆ 500 ಲೀಟರ್ ಹಾಲಿಗೆ ವೇಗ ಕೊಡೋಕೆ 100 ವ್ಯಾಟ್ ಚಿಲ್ಲರೆ ಸಾಕು, ಉಳಿದದ್ದೆಲ್ಲ ಗಾಳಿಯ ಮತ್ತು ಬೇರಿಂಗಿನ ಘರ್ಷಣೆಗೆ. ಒಂದೂವರೆ ಕಿಲೋವ್ಯಾಟ್ ಹಾಕಿ, ಕೆಲವು ನಿಮಿಷ ತಗೊಂಡು ನಿಧಾನವಾಗಿ ಏರಿಸಿ.

ಡೈರಿ ಮೇಷ್ಟ್ರು

ಬಹಳ ಸರಿಯಾಗಿ ಹೇಳಿದಿರಿ. ಬಗ್ಗುವ ಅಕ್ಷದ ಈ ಉಪಾಯವನ್ನು ಡೆ ಲಾವಲ್ ತನ್ನ ಹಬೆ ಟರ್ಬೈನಿನಲ್ಲಿ ಬಳಸಿ ಹೆಸರುವಾಸಿಯಾದ. ಕೆನೆ ಯಂತ್ರಕ್ಕೂ ಟರ್ಬೈನಿಗೂ ನಂಟು ಇದ್ದದ್ದು ಹೀಗೆ.

ಕಾಸರಗೋಡು ಕಾಯಿ

ಬೌಲ್ ಕೊಳ್ಳುವ ತೀರ್ಮಾನ ಆಯಿತೆಂದರೆ ನನ್ನ ಅನುಭವದ್ದು ಕೆಲವು ವಿಷಯ ಸೇರಿಸುತ್ತೇನೆ. ಕಾಯಿಹಾಲಿನಲ್ಲಿ ನಿಜವಾದ ಶತ್ರು ನಾರು. ಹಸುವಿನ ಹಾಲಿನಲ್ಲಿ ಕಸ ಅತ್ಯಲ್ಪ, ನಮ್ಮದರಲ್ಲಿ ಹಿಂಡಿದ ತುರಿಯ ಪುಡಿ ಸದಾ ಬರುತ್ತದೆ. ಡಿಸ್ಕ್ ನಡುವಿನ ಜಾಗ ಅರ್ಧ ಮಿ.ಮೀ. ಇದ್ದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಸೆಪರೇಟರಿಗೆ ಮುಂಚೆ 100 ಮೆಶ್‌ನ ಕಂಪಿಸುವ ಜರಡಿ ಇರಲೇಬೇಕು. ಇದ್ದರೂ ಬೌಲಿನ ಹೊರಗೋಡೆಗೆ ಬಿಳಿ ಗಸಿ ಕೂರುತ್ತದೆ. ತಾನೇ ಗಸಿ ಕಕ್ಕುವ ಬೌಲ್‌ಗಳಿವೆ, ನಿಮ್ಮ ಪ್ರಮಾಣಕ್ಕೆ ಅವುಗಳ ಬೆಲೆ ಗಿಟ್ಟುವುದಿಲ್ಲ. ದಿನದ ಹಾಲು ಮುಗಿದ ಮೇಲೆ ಬಿಚ್ಚಿ ತೊಳೆಯುವ ಬೌಲೇ ಸಾಕು, ಆದರೆ ಗಸಿಗೆ ಜಾಗ ಹೆಚ್ಚು ಇರುವುದನ್ನು ಕೇಳಿ ತೆಗೆದುಕೊಳ್ಳಿ. ಉದ್ದ ಕೊಳವೆಯ ಟ್ಯೂಬುಲರ್ ಯಂತ್ರಗಳೂ ಇವೆ, ಸುಮಾರು 100 ಮಿ.ಮೀ. ವ್ಯಾಸ, 15,000 ಆರ್‌ಪಿಎಂ, 13,000 ಜಿ. ಎರಡನೇ ಹಂತದ ಎಣ್ಣೆಗೆ ಬಲು ಚೆನ್ನ, ಗಸಿ ಇರುವ ಹಾಲಿಗೆ ಅಲ್ಲ.

ಹಾಲು ಬಿಡುವ ಬಗೆ ಇನ್ನೂ ಮುಖ್ಯ. ಸೆಂಟ್ರಿಫ್ಯೂಗಲ್ ಪಂಪ್ ಬಳಸಬೇಡಿ, ಹನಿ ನುಚ್ಚುನೂರಾಗುತ್ತದೆ. ಎತ್ತರದ ತೊಟ್ಟಿಯಿಂದ ತೇಲುಗುಂಡಿನ ಕವಾಟದ ಮೂಲಕ ತನ್ನಷ್ಟಕ್ಕೆ ಇಳಿಯಲಿ. ಹಳೆಯ ಕೈಯಂತ್ರಗಳಲ್ಲೂ ಹೀಗೇ ಇತ್ತು, ಹರಿವು ಏರುಪೇರಾಗುವುದೇ ಇಲ್ಲ. ಹಾಲು 40–45 ಡಿಗ್ರಿ ಇರಲಿ. 25ಕ್ಕಿಂತ ಕೆಳಗೆ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ, ಕೆನೆ ಬೌಲಿನಿಂದ ಹೊರಗೇ ಬರುವುದಿಲ್ಲ. 80ರ ಹತ್ತಿರ ಹೋದರೆ ಪ್ರೋಟೀನು ಹೆಪ್ಪುಗಟ್ಟಿ ಡಿಸ್ಕ್‌ಗೆ ಮೆತ್ತಿಕೊಳ್ಳುತ್ತದೆ, ಎಣ್ಣೆಗೆ ಬೇಯಿಸಿದ ವಾಸನೆಯೂ ಬರುತ್ತದೆ.

ತೊಳೆಯಲು ಶೇಕಡಾ 1–2ರ ಬಿಸಿ ಕಾಸ್ಟಿಕ್ ಸೋಡಾ, ಆಮೇಲೆ ಚೆನ್ನಾಗಿ ನೀರು. ಕಡಲಿನವರು ಹೇಳಿದಂತೆ ಬ್ಲೀಚಿಂಗ್ ಹತ್ತಿರ ತರಬೇಡಿ. ಅಲ್ಯೂಮಿನಿಯಂ ಡಿಸ್ಕ್ ಇರುವ ಅಗ್ಗದ ಯಂತ್ರವನ್ನೂ ತರಬೇಡಿ, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ.

ಕಡಲ ಎಂಜಿನಿಯರ್

ದಿನಾ ಬಿಚ್ಚುವುದಾದರೆ ಇದನ್ನು ಗೋಡೆಗೆ ಬರೆದು ಹಾಕಿ. ಬೌಲ್ ಪೂರ್ತಿ ನಿಲ್ಲುವವರೆಗೆ ಒಂದು ಬೋಲ್ಟೂ ಸಡಿಲಿಸಬಾರದು. ಮೋಟರ್ ಆಫ್ ಮಾಡಿದ ಮೇಲೂ ಅದು ಬಹಳ ಹೊತ್ತು ತಿರುಗುತ್ತಿರುತ್ತದೆ, ಸದ್ದಿಲ್ಲದೆ. ಲಾಕ್ ರಿಂಗಿಗೆ ಹೆಚ್ಚಾಗಿ ಎಡ ಎಳೆ ಇರುತ್ತದೆ, ಬಲಕ್ಕೆ ಎಂದು ಬಲ ಹಾಕಿ ಹಾಳು ಮಾಡಬೇಡಿ. ಬಿಗಿದಾಗ ರಿಂಗಿನ ಗುರುತು, ಬೌಲಿನ ಗುರುತು ಒಂದಕ್ಕೊಂದು ಎದುರು ಬರಬೇಕು. ವರ್ಷ ಕಳೆದಂತೆ ಅದು ದಾಟಿ ಮುಂದೆ ಹೋಗುತ್ತಿದ್ದರೆ ಎಳೆ ಸವೆದಿದೆ ಎಂದರ್ಥ. ಆಗ ಓಡಿಸದೆ ತಯಾರಕರನ್ನು ಕರೆಯಿರಿ. ಡಿಸ್ಕ್‌ಗಳಿಗೆ ಸಂಖ್ಯೆ ಇರುತ್ತದೆ, ಅದೇ ಕ್ರಮದಲ್ಲಿ ಜೋಡಿಸಬೇಕು. ಒಂದು ಡಿಸ್ಕ್ ಕಡಿಮೆಯಾದರೂ ಅಟ್ಟಿ ಸಡಿಲವಾಗಿ ಬ್ಯಾಲೆನ್ಸ್ ಹೋಗುತ್ತದೆ. ಎರಡು ಯಂತ್ರದ ಭಾಗಗಳನ್ನು ಅದಲುಬದಲು ಮಾಡಲೇಬಾರದು. ಬ್ಯಾಲೆನ್ಸ್ ಮಾಡಿರುವುದು ಆ ಒಂದು ಜೋಡಣೆಗೆ ಮಾತ್ರ.

ಮೇಷ್ಟ್ರು ಎರಡು ಜೊತೆ ಡಿಸ್ಕ್ ಎಂದರಲ್ಲ, ಅದು ಸಾಧ್ಯ. ಆದರೆ ಎರಡೂ ಜೊತೆ ಆ ಬೌಲಿನಲ್ಲೇ ಬ್ಯಾಲೆನ್ಸ್ ಆಗಿ ಬಂದಿರಬೇಕು. ಆರ್ಡರ್ ಕೊಡುವಾಗಲೇ ಹೇಳಿ.

ತಿಪಟೂರು ಗಾಣ

ಎಲ್ಲರ ಮಾತನ್ನೂ ಮನೆಯವರಿಗೆ, ಕೆಲಸದ ಹುಡುಗರಿಗೆ ಓದಿ ಹೇಳಿದೆ. ತೀರ್ಮಾನ ಹೀಗೆ: ಬೌಲ್, ಡಿಸ್ಕ್, ಸ್ಪಿಂಡಲ್ ಪರೀಕ್ಷೆಯಾದದ್ದು, ಬರೆದ ಪ್ರಮಾಣಪತ್ರದ ಜೊತೆ ಕೊಳ್ತೀವಿ. ಫ್ರೇಮ್, ದಪ್ಪ ತಗಡಿನ ರಕ್ಷಣಾ ಕವಚ, ತೊಟ್ಟಿ, ಬಿಸಿನೀರಿನ ಜಾಕೆಟ್, ಜರಡಿ ಇವನ್ನ ಪೀಣ್ಯದ ಅಣ್ಣನ ಹತ್ರ ಮಾಡಿಸ್ತೀವಿ. ಗಂಟೆಗೆ 150 ಲೀಟರಿನ ಹರಿವು. ಕೆನೆ ತಣಿಸೋಕೆ ಹಳೇ ಹಾಲಿನ ಕೂಲರ್ ಒಂದು ನೋಡಿದೀವಿ.

ಕೊನೆಯದಾಗಿ ಒಂದು ಕೇಳ್ತೀನಿ. ನಮ್ಮ ಹಾಲಿನ ಹನಿ ಎಷ್ಟು ದೊಡ್ಡದು ಅಂತ ಯಂತ್ರ ಕೊಳ್ಳೋಕೆ ಮೊದಲೇ ತಿಳ್ಕೊಳ್ಳೋದು ಹೇಗೆ? ಮೈಕ್ರೋಸ್ಕೋಪ್ ಎಲ್ಲಿಂದ ತರೋದು?

ಸುರತ್ಕಲ್ ಕೆಮಿಕಲ್

ಹತ್ತಿರದ ಪಿಯು ಕಾಲೇಜಿನ ಮೈಕ್ರೋಸ್ಕೋಪೇ ಸಾಕು, ಅಳತೆಗೆ ಸ್ಟೇಜ್ ಮೈಕ್ರೋಮೀಟರ್ (ಸೂಕ್ಷ್ಮ ಅಳತೆಗೆರೆಗಳಿರುವ ಗಾಜಿನ ಪಟ್ಟಿ) ಒಂದಿರಬೇಕು. ಹಾಲನ್ನು ನೀರಿನಲ್ಲಿ ತೆಳುಮಾಡಿ ನೋಡಿ. ಹಿಂಡಿದ ಕೂಡಲೇ ಒಂದು ಮಾದರಿ, ಜರಡಿ ಮತ್ತು ತೊಟ್ಟಿ ದಾಟಿದ ಮೇಲೆ ಇನ್ನೊಂದು. ಎರಡನೆಯದರಲ್ಲಿ ಹನಿ ಸಣ್ಣದಾಗಿದ್ದರೆ ನಡುವೆ ಎಲ್ಲೋ ಒಡೆಯುತ್ತಿದೆ. ಆ ಜಾಗ ಹುಡುಕಿ.

ಅದಕ್ಕಿಂತ ನೇರವಾದದ್ದು ಬಾಟಲಿ ಪರೀಕ್ಷೆ. ಲ್ಯಾಬಿನ ಸಣ್ಣ ಸೆಂಟ್ರಿಫ್ಯೂಜ್ 10 ಸೆಂ.ಮೀ. ತ್ರಿಜ್ಯ, 4000 ಆರ್‌ಪಿಎಂನಲ್ಲಿ ಸುಮಾರು 1800 ಜಿ ಕೊಡುತ್ತದೆ. 45 ಡಿಗ್ರಿಗೆ ಬೆಚ್ಚಗಿಟ್ಟ ಹಾಲನ್ನು 1, 2, 5, 10 ನಿಮಿಷ ತಿರುಗಿಸಿ, ಪ್ರತಿ ಸಲ ಕೆನೆಯ ಪದರದ ಎತ್ತರವನ್ನೂ ಕೆಳಗಿನ ನೀರು ಎಷ್ಟು ತಿಳಿಯಾಗಿದೆ ಎಂಬುದನ್ನೂ ಬರೆದಿಡಿ. ಹತ್ತು ನಿಮಿಷ ಹಿಡಿಯಿತೆಂದು ಎದೆಗುಂದಬೇಡಿ. ಬಾಟಲಿಯಲ್ಲಿ ಹನಿ ಹಲವು ಸೆಂಟಿಮೀಟರ್ ದಾಟಬೇಕು, ಡಿಸ್ಕ್ ನಡುವೆ ಮಿಲಿಮೀಟರಿಗಿಂತ ಕಡಿಮೆ. ಹತ್ತು ನಿಮಿಷದ ನಂತರವೂ ಕೆಳಗಿನ ನೀರು ದಟ್ಟ ಬೆಳ್ಳಗೇ ಉಳಿದರೆ ಮಾತ್ರ ಆ ನೀರಿನ ಕೊಬ್ಬನ್ನು ಡೈರಿಯವರ ಹತ್ತಿರ ಅಳೆಸಿ. ಎಷ್ಟು ಬಂತು ಎಂದು ಇಲ್ಲಿ ಹಾಕಿ, ಡಿಸ್ಕ್ ಸಂಖ್ಯೆಯನ್ನು ಒಟ್ಟಿಗೆ ಲೆಕ್ಕ ಹಾಕೋಣ.

ಕಾಸರಗೋಡು ಕಾಯಿ

ಮಾದರಿಯನ್ನು ಬಲಿತ ಕಾಯಿಯದ್ದೇ ತೆಗೆಯಿರಿ. ಎಳೆಕಾಯಿ ಬೆರೆತರೆ ಎಣ್ಣೆ ಕಡಿಮೆ ಇರುತ್ತದೆ, ಲೆಕ್ಕ ದಾರಿ ತಪ್ಪುತ್ತದೆ. ಹಿಂಡಿದ ಹಾಲನ್ನು ಎರಡು ಗಂಟೆಯೊಳಗೆ ಪರೀಕ್ಷೆಗೆ ಹಾಕಿ.